ಹೊಲದ ಹೊದಿಕೆಯೂ ಮಣ್ಣಿನೊಳಗಿನ ಸಣ್ಣ ಪ್ರಾಣಿಗಳೂ

ಒಕ್ಕಲಿಗನು ತನ್ನ ಹೊಲದಲ್ಲಿ ದುಡಿಯುವ ಎತ್ತುಗಳನ್ನು ಎಣಿಸಬಲ್ಲನು, ಆಳುಗಳನ್ನೂ ಎಣಿಸಬಲ್ಲನು. ಆದರೆ ಅದೇ ಹೊಲದಲ್ಲಿ ಕೂಲಿಯನ್ನು ಕೇಳದೆ, ಮೇವನ್ನು ಬೇಡದೆ, ಹಗಲಿರುಳು ದುಡಿಯುವ ಮತ್ತೊಂದು ದೊಡ್ಡ ಪರಿವಾರವಿರುವದು. ಅದರ ಲೆಕ್ಕವನ್ನಿಟ್ಟವರು ವಿರಳ. ನೆಲದ ಮೇಲಿನ ಅರ್ಧ ಅಡಿಯ ಪದರಿನಲ್ಲಿ ವಾಸಿಸುವ ಈ ಪ್ರಾಣಿಗಳಲ್ಲಿ ಹೆಚ್ಚಿನವು ಸಾಸಿವೆಯ ಕಾಳಿಗಿಂತ ಸಣ್ಣವು. ಕೆಲವಂತೂ ಬರಿಗಣ್ಣಿಗೆ ಕಾಣವು. ಇವುಗಳಿಗೆ ನೆರಳು, ಹಸಿ, ಆಹಾರ ಈ ಮೂರು ದೊರೆತಲ್ಲಿ ಭೂಮಿಯು ಸಡಿಲವಾಗಿ ಮಳೆಯ ನೀರನ್ನು ಕುಡಿಯುವದು. ದೊರೆಯದಲ್ಲಿ ಗೊಬ್ಬರವನ್ನು ಎಷ್ಟು ಸುರಿದರೂ ಅದರ ಪೂರ್ಣ ಫಲವು ಬೆಳೆಗೆ ಮುಟ್ಟದು. ಈ ಮೂರನ್ನೂ ಒಮ್ಮೆಗೇ ಒದಗಿಸುವ ಸುಲಭೋಪಾಯವೆಂದರೆ ನೆಲಕ್ಕೆ ಹೊದಿಕೆಯನ್ನು ಹಾಸುವದು. ವಿಜಯಪುರದಂಥ ಕಡಿಮೆ ಮಳೆಯ ಸೀಮೆಯಲ್ಲಿ ಈ ಹೊದಿಕೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಊರಿನ ಹಿರಿಯರೂ ಭೂಮಾಲಿಕರೂ ಸರಿಯಾಗಿ ತಿಳಿದುಕೊಳ್ಳುವದು ಅವಶ್ಯವಾಗಿದೆ.

ಈ ಭಾಗದ ಭೂಮಿ

ಇಬ್ರಾಹಿಂಪುರವು ವಿಜಯಪುರ ನಗರಕ್ಕೆ ಹೊಂದಿಕೊಂಡು, ಗದಗ–ಹೋಟಗಿ ರೈಲುಹಾದಿಯ ಮೇಲಿರುವ ಊರು. ನಗರವು ಬೆಳೆದಂತೆ ಅದರ ಸುತ್ತಲಿನ ಅನೇಕ ಹೊಲಗಳು ಮನೆಗಳ ನಿವೇಶನಗಳಾಗಿ ಮಾರ್ಪಟ್ಟಿವೆ. ಆದರೂ ಮನೆಗಳ ಸಾಲನ್ನು ದಾಟಿ ಪಡುವಲಿಗೆ ತಿಕೋಟಾದ ಕಡೆಗೆ, ನೈಋತ್ಯಕ್ಕೆ ಬಬಲೇಶ್ವರದ ಕಡೆಗೆ ಹೊರಟರೆ ಕರಿ ಎರೆಯ ಹೊಲಗಳೂ ಅಲ್ಲಲ್ಲಿ ತೆಳುವಾದ ಕಲ್ಲುನೆಲವೂ ಕಣ್ಣಿಗೆ ಬೀಳುವವು. ಈ ಎಲ್ಲ ನೆಲವು ದಖ್ಖನದ ಕರಿಕಲ್ಲು ಸವೆದು ಉಂಟಾದದ್ದು. ಡೋಣಿಯ ಬಯಲು ಬೆಳೆದರೆ ಓಣಿಗೆಲ್ಲ ಜೋಳವೆಂಬ ಭಾವದ ಗಾದೆಯು ಹುಟ್ಟಿದ್ದು ಈ ಸೀಮೆಯಲ್ಲಿಯೇ. ಭೂಮಿಯಲ್ಲಿ ಸತ್ವವಿಲ್ಲವೆಂದು ಇಲ್ಲಿ ಯಾರೂ ಹೇಳುವಂತಿಲ್ಲ. ಕೊರತೆಯು ನೀರಿನದು, ಮತ್ತು ಮಣ್ಣಿನಲ್ಲಿ ಸೇರಬೇಕಾದ ಕೊಳೆತ ಸಸ್ಯಾಂಶದ್ದು.

ವರ್ಷದ ಮಳೆಯು ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ, ಅಂದರೆ 23–24 ಇಂಚಿನಷ್ಟು ಮಾತ್ರ. ಅದರಲ್ಲಿಯೂ ಹೆಚ್ಚಿನ ಪಾಲು ಸಪ್ಟೆಂಬರ ತಿಂಗಳಲ್ಲಿ ಬೀಳುವದು. ಆದುದರಿಂದ ಆಳವಾದ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಮಳೆಗಾಲದ ಕೊನೆಗೆ ಬಿತ್ತಿ, ಭೂಮಿಯು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆಯುವ ರೂಢಿಯು ಹಿಂದಿನಿಂದ ಬಂದಿದೆ. ಜೋಳವು ಮಾಘದ ಹೊತ್ತಿಗೆ ಕಣಕ್ಕೆ ಬಂದ ಮೇಲೆ ಹೊಲವು ಬರಿದಾಗುವದು. ಅಲ್ಲಿಂದ ಮುಂದಿನ ಬಿತ್ತಿಗೆಯವರೆಗೆ ಸುಮಾರು ಏಳು ತಿಂಗಳು, ಮೊದಲು ಉರಿಬಿಸಿಲಿಗೂ ಆ ಮೇಲೆ ಮುಂಗಾರಿಯ ಹೊಡೆತದ ಮಳೆಗೂ, ನೆಲವು ಮೈಯೊಡ್ಡಿ ನಿಂತಿರುವದು. ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ಅಂಶಗಳನ್ನು ದಾಟುವಾಗ ಬರಿಯ ಕರಿಮಣ್ಣಿನ ಮೇಲ್ಮೈಯು ಅದಕ್ಕಿಂತಲೂ ಬಹಳ ಹೆಚ್ಚು ಕಾಯುವದು. ಮಧ್ಯಾಹ್ನದಲ್ಲಿ ಅಂಥ ಹೊಲದಲ್ಲಿ ಬರಿಗಾಲಿನಿಂದ ನಡೆದವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನುಷ್ಯನ ಅಂಗಾಲು ತಾಳದ ಆ ಕಾವಿನಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಪ್ರಾಣಿಯು ಹೇಗೆ ಬದುಕೀತು?

ಮಣ್ಣಿನ ಪರಿವಾರ

ಮಣ್ಣಿನ ಪ್ರಾಣಿಗಳನ್ನು ಅವುಗಳ ಗಾತ್ರದ ಮೇಲಿಂದ ಮೂರು ತರಗತಿಗಳಾಗಿ ಎಣಿಸಬಹುದು. ಎಲ್ಲಕ್ಕೂ ಸಣ್ಣವೆಂದರೆ ಜಂತುಹುಳುಗಳು. ಇವು ಮಣ್ಣಿನ ಕಣಗಳಿಗೆ ಅಂಟಿದ ತೆಳುವಾದ ನೀರಿನ ಪೊರೆಯಲ್ಲಿ ಈಜಾಡಿಕೊಂಡಿರುವವು. ಬೆಳೆಯ ಬೇರನ್ನು ಕೊರೆಯುವ ಜಂತುಹುಳುಗಳ ಹೆಸರನ್ನು ಒಕ್ಕಲಿಗರು ಕೇಳಿರುವರು. ಆದರೆ ಈ ಜಾತಿಯಲ್ಲಿ ಸೂಕ್ಷ್ಮಾಣುಗಳನ್ನೂ ಬೂಷ್ಟನ್ನೂ ತಿಂದು ಬದುಕುವ ನಿರುಪದ್ರವಿಗಳೂ ಬಹಳ ಇರುವವು.

ಎರಡನೆಯ ತರಗತಿಯವು ಈ ಲೇಖನದ ಮುಖ್ಯ ವಿಷಯವಾದ ಸಣ್ಣ ಪ್ರಾಣಿಗಳು. ಇವುಗಳಲ್ಲಿ ನುಸಿಗಳೂ, ಶಾಸ್ತ್ರಜ್ಞರು ಕೊಲೆಂಬೊಲಾ ಎಂದು ಕರೆಯುವ ಜಿಗಿಯುವ ಹುಳುಗಳೂ ಪ್ರಮುಖವಾದವು. ಕೊಲೆಂಬೊಲಾ ಹುಳುಗಳಿಗೆ ರೆಕ್ಕೆಗಳಿಲ್ಲ. ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುವ ಕವಲುಬಾಲವೊಂದು ಹೆಚ್ಚಿನವುಗಳಿಗೆ ಇರುವದು. ಹೆದರಿದಾಗ ಅದನ್ನು ನೆಲಕ್ಕೆ ಬಡಿದು ಹುರಿದ ಎಳ್ಳಿನಂತೆ ಚಿಮ್ಮುವವು. ತಿಪ್ಪೆಯ ಅಂಚಿನಲ್ಲಿ ಅಥವಾ ತೊಯ್ದ ಕಣಿಕೆಯ ಬಣಿವೆಯ ತಳದಲ್ಲಿ ಬಿಳಿಯ ಚುಕ್ಕೆಗಳು ಜಿಗಿಯುವದನ್ನು ಕಂಡವರು ಇವನ್ನೇ ಕಂಡಿರುವರು. ಇವುಗಳ ಆಹಾರವು ಮುಖ್ಯವಾಗಿ ಬೂಷ್ಟು ಮತ್ತು ಕೊಳೆಯುವ ಎಲೆಕಡ್ಡಿ. ನುಸಿಗಳಲ್ಲಿ ಎರಡು ಸ್ವಭಾವದವು ಇರುವವು. ಗಟ್ಟಿಯಾದ ಕವಚವುಳ್ಳ ಓರಿಬ್ಯಾಟಿಡ ನುಸಿಗಳು ಕೊಳೆತ ಕಸವನ್ನೂ ಬೂಷ್ಟನ್ನೂ ಮೆಲ್ಲುವವು. ಚುರುಕಾಗಿ ಓಡಾಡುವ ಬೇಟೆಗಾರ ನುಸಿಗಳು ಜಂತುಹುಳುಗಳನ್ನೂ ಇತರ ಸಣ್ಣ ಹುಳುಗಳನ್ನೂ ಅವುಗಳ ತತ್ತಿಗಳನ್ನೂ ಹಿಡಿದು ತಿನ್ನುವವು. ಬೆಳೆಯ ಎಲೆಯಿಂದ ರಸವನ್ನು ಹೀರುವ ಕೆಂಪುನುಸಿಯೇ ಬೇರೆ. ನೆಲದ ಈ ನುಸಿಗಳನ್ನು ಅದರೊಡನೆ ಬೆರಸಿ ನೋಡತಕ್ಕದ್ದಲ್ಲ.

ಮೂರನೆಯ ತರಗತಿಯಲ್ಲಿ ಎರೆಹುಳು, ಗೆದ್ದಲು, ಇರುವೆ, ಸಹಸ್ರಪದಿ, ಜರಿ, ಜೇಡ ಮುಂತಾದ ಕಣ್ಣಿಗೆ ಕಾಣುವ ಪ್ರಾಣಿಗಳಿರುವವು. ಎರೆಹುಳುವಿನ ಉಪಕಾರವನ್ನು ಇಂಗ್ಲಂಡದ ಚಾರ್ಲ್ಸ್ ಡಾರ್ವಿನ್ ಎಂಬ ಪ್ರಕೃತಿಶಾಸ್ತ್ರಜ್ಞನು 1881ರಲ್ಲಿ ಒಂದು ಗ್ರಂಥವನ್ನೇ ಬರೆದು ಲೋಕಕ್ಕೆ ತೋರಿಸಿಕೊಟ್ಟನು. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆಯವರು ಎರೆಹುಳುಗಳ ಮೇಲೆ ಬಹುಕಾಲ ಶೋಧನೆಯನ್ನು ನಡೆಸಿ, ಎರೆಗೊಬ್ಬರದ ಪದ್ಧತಿಯನ್ನು ರೈತರಿಗೆ ಪರಿಚಯಿಸಿದ್ದು ಪ್ರಸಿದ್ಧವಾಗಿದೆ. ಆದರೆ ಎರೆಹುಳು ಒಂದೇ ಭೂಮಿಯ ಮಿತ್ರನೆಂಬ ಭಾವನೆಯು ಪೂರ್ತಿ ಸರಿಯಲ್ಲ. ಬೇಸಿಗೆಯಲ್ಲಿ ಒಣಗಿ ಬಿರಿಯುವ ಎರೆಹೊಲದಲ್ಲಿ ಎರೆಹುಳುಗಳು ಆಳಕ್ಕೆ ಇಳಿದು, ಮೈಯನ್ನು ಗಂಟಿನಂತೆ ಸುತ್ತಿಕೊಂಡು ತಿಂಗಳುಗಟ್ಟಲೆ ನಿದ್ರಿಸುವವು. ಆ ಕಾಲಕ್ಕೂ, ಮತ್ತು ಎರೆಹುಳುಗಳು ವಿರಳವಾಗಿರುವ ಹೊಲಗಳಲ್ಲಿಯೂ, ಕಸವನ್ನು ಮಣ್ಣಾಗಿಸುವ ಕೆಲಸದ ಬಹುಭಾಗವು ಗೆದ್ದಲು ಮತ್ತು ಸಣ್ಣ ಪ್ರಾಣಿಗಳ ಪಾಲಿಗೆ ಬರುವದು.

ಅವುಗಳ ಉದ್ಯೋಗ

ಈ ಸಣ್ಣ ಪ್ರಾಣಿಗಳು ಮಾಡುವ ಕೆಲಸವಾವದು? ಒಣಗಿದ ಎಲೆಯೊಂದು ನೆಲಕ್ಕೆ ಬಿದ್ದರೆ ಅದನ್ನು ಕೊಳೆಯಿಸುವವು ಸೂಕ್ಷ್ಮಾಣುಗಳೂ ಬೂಷ್ಟೂ. ಆದರೆ ಇಡಿಯಾದ ಎಲೆಯನ್ನು ಅವು ಹೊರಗಿನಿಂದಲೇ ಕೊಳೆಯಿಸಬೇಕಾಗುವದು. ನುಸಿಗಳೂ ಇತರ ಹುಳುಗಳೂ ಅದನ್ನು ಕಚ್ಚಿ ಚೂರು ಮಾಡಿದಾಗ ಕೊಳೆಯುವ ಮೈಯು ಎಷ್ಟೋ ಪಾಲು ಹೆಚ್ಚುವದು. ಇಡಿಯ ಜೋಳವನ್ನು ನುಚ್ಚು ಮಾಡಿದರೆ ಬೇಗ ಬೇಯುವಂತೆಯೇ ಇದು. ಅಲ್ಲದೆ ಕೊಲೆಂಬೊಲಾ ಹುಳುಗಳು ಬೂಷ್ಟನ್ನು ಮೇಯ್ದು, ಅದರ ಮೈಯಲ್ಲಿ ಕಟ್ಟುಬಿದ್ದ ಸಾರಜನಕವನ್ನು ತಮ್ಮ ಹಿಕ್ಕೆಯ ಮೂಲಕ ಮಣ್ಣಿಗೆ ಬಿಟ್ಟುಕೊಡುವವು. ಬೂಷ್ಟಿನ ಬೀಜಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವವು. ಬೇಟೆಗಾರ ನುಸಿಗಳು ಇವೆಲ್ಲವುಗಳ ಸಂಖ್ಯೆಯನ್ನು ಹದದಲ್ಲಿಡುವವು. ಹೀಗೆ ಒಬ್ಬರ ಎಂಜಲು ಮತ್ತೊಬ್ಬರ ಊಟವಾಗುತ್ತ, ಕೊನೆಗೆ ಬೆಳೆಯ ಬೇರಿಗೆ ಆಹಾರವು ಸ್ವಲ್ಪ ಸ್ವಲ್ಪವಾಗಿ ದೊರೆಯುವದು.

ಒಂದು ಸಂಗತಿಯನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಎರೆಹುಳುವಿನಂತೆ ನೆಲವನ್ನು ಕೊರೆದು ಹಾದಿ ಮಾಡಿಕೊಳ್ಳುವ ಶಕ್ತಿಯು ನುಸಿಗಳಿಗೂ ಜಿಗಿಯುವ ಹುಳುಗಳಿಗೂ ಇಲ್ಲ. ಮಣ್ಣಿನಲ್ಲಿ ಮೊದಲೇ ಇರುವ ಸಂದುಗಳೂ, ಸತ್ತ ಬೇರುಗಳು ಬಿಟ್ಟ ರಂಧ್ರಗಳೂ, ಎರೆಹುಳು ಗೆದ್ದಲುಗಳು ಮಾಡಿದ ಹಾದಿಗಳೂ ಇವುಗಳ ಓಣಿಗಳು. ಹಸಿಯಿದ್ದಾಗ ಭಾರವಾದ ಟ್ರ್ಯಾಕ್ಟರು ಹೊಲದಲ್ಲಿ ಓಡಾಡಿದರೆ ಈ ಓಣಿಗಳೆಲ್ಲ ಮುಚ್ಚಿಹೋಗುವವು. ಹೊಡೆತದ ಮಳೆಯು ಬರಿಯ ನೆಲಕ್ಕೆ ಬಿದ್ದಾಗಲೂ ಮೇಲ್ಮೈಯ ಮಣ್ಣು ರಾಡಿಯಾಗಿ, ಸಂದುಗಳು ತುಂಬಿ, ಹೆಕ್ಕಳೆ ಕಟ್ಟುವದು. ಆಗ ಪ್ರಾಣಿಗಳಿಗೆ ಹಾದಿಯಿಲ್ಲ, ನೀರಿಗೂ ಹಾದಿಯಿಲ್ಲ. ನೀರು ಮಣ್ಣನ್ನು ಹೊತ್ತುಕೊಂಡು ಹಳ್ಳವನ್ನು ಸೇರುವದು.

ಹೊದಿಕೆಯಿಂದ ಉಂಟಾಗುವ ಬದಲಾವಣೆ

ಕಸಕಡ್ಡಿಯ ಹೊದಿಕೆಯು ಈ ಪರಿವಾರಕ್ಕೆ ನಾಲ್ಕು ಬಗೆಯಿಂದ ಆಸರೆಯಾಗುವದು. ಮೊದಲನೆಯದಾಗಿ, ಬಿಸಿಲು ನೇರವಾಗಿ ನೆಲಕ್ಕೆ ತಾಗದೆ ಮಣ್ಣಿನ ಮೇಲ್ಪದರಿನ ಕಾವು ಇಳಿಯುವದು. ಹಗಲು ರಾತ್ರಿಗಳ ಉಷ್ಣತೆಯ ಏರುಪೇರೂ ಕಡಿಮೆಯಾಗುವದು. ಎರಡನೆಯದಾಗಿ, ಹಸಿಯು ಆರುವ ವೇಗವು ತಗ್ಗುವದು. ಈ ಪ್ರಾಣಿಗಳಲ್ಲಿ ಅನೇಕವು ತೆಳುವಾದ ಚರ್ಮದ ಮೂಲಕವೇ ಉಸಿರಾಡುವದರಿಂದ ಒಣಗಾಳಿಯು ಅವುಗಳಿಗೆ ಮೃತ್ಯುಪ್ರಾಯವು. ಮೂರನೆಯದಾಗಿ, ಮಳೆಯ ಹನಿಯ ಪೆಟ್ಟನ್ನು ಹೊದಿಕೆಯು ತಾನು ತಾಳಿಕೊಂಡು ನೀರನ್ನು ಮೆಲ್ಲಗೆ ನೆಲಕ್ಕೆ ಇಳಿಸುವದು. ನಾಲ್ಕನೆಯದಾಗಿ, ಹೊದಿಕೆಯ ಕೆಳಮಗ್ಗುಲು ಮೆಲ್ಲನೆ ಕೊಳೆಯುತ್ತ ಅವುಗಳಿಗೆ ಆಹಾರವಾಗುವದು. ಹೊದಿಕೆ ಹಾಸಿದ ಮೇಲೆ ಸಾಮಾನ್ಯವಾಗಿ ಬೂಷ್ಟು ಮೊದಲು ಬೆಳೆಯುವದು. ಅದನ್ನು ತಿನ್ನುವ ಹುಳುಗಳೂ ನುಸಿಗಳೂ ಆ ಮೇಲೆ ಹೆಚ್ಚುವವು. ಅವುಗಳ ಬೆನ್ನು ಹತ್ತಿ ಬೇಟೆಗಾರ ನುಸಿ, ಜೇಡ, ನೆಲದ ಜೀರುಂಡೆಗಳು ಬಂದು ಸೇರುವವು. ಈ ಕೊನೆಯ ಗುಂಪಿನವು ಬೆಳೆಯನ್ನು ಕೆಡಿಸುವ ಕೆಲವು ಹುಳುಗಳನ್ನೂ ಹಿಡಿಯುವದರಿಂದ ಒಕ್ಕಲಿಗನಿಗೆ ಅದೂ ಒಂದು ಲಾಭವೇ.

ಒಣಬೇಸಾಯದ ಬೆಳೆಗಳಿಗಾಗಿಯೇ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ ಇರುವದು. ಅಲ್ಲಿಯ ಕೆಂಪು ಮಸಾರಿ ಭೂಮಿಯಲ್ಲಿ 1980ರ ದಶಕದ ಕೊನೆಯಿಂದ ಕೆಲವು ವರ್ಷ ಒಂದು ಪ್ರಯೋಗವು ನಡೆಯಿತು. ಕೆಲವು ತಾಕುಗಳನ್ನು ಬರಿದಾಗಿ ಬಿಟ್ಟು, ಕೆಲವಕ್ಕೆ ಹೆಕ್ಟೇರಿಗೆ 15 ಟನ್ ತಿಪ್ಪೆಗೊಬ್ಬರವನ್ನೂ, ಇನ್ನು ಕೆಲವಕ್ಕೆ ಹೆಕ್ಟೇರಿಗೆ 5 ಟನ್, ಅಂದರೆ ಎಕರೆಗೆ ಸುಮಾರು 2 ಟನ್, ಭತ್ತದ ಹುಲ್ಲನ್ನೂ ಹಾಕಿ ನೋಡಲಾಯಿತು. ಹುಲ್ಲು ಹಾಸಿದ ತಾಕುಗಳಿಂದ ಹರಿದುಹೋದ ನೀರು ಬರಿಯ ತಾಕುಗಳಿಗಿಂತ ಕಡಿಮೆಯಾಗಿತ್ತು. ಎರೆಹುಳುಗಳ ಪ್ರಮಾಣವು ಹೆಚ್ಚಾಗಿತ್ತು. ಇದು ಮಸಾರಿ ಭೂಮಿಯ ಅನುಭವವು. ಎರೆಭೂಮಿಯು ಬಿರುಕು ಬಿಡುವ ಸ್ವಭಾವದ್ದಾದುದರಿಂದ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೆ ನೆರಳು, ಹಸಿ, ಆಹಾರ ದೊರೆತಲ್ಲಿ ಜೀವವು ಹೆಚ್ಚುವದೆಂಬ ನಿಯಮವು ಎರಡೂ ಕಡೆಗೆ ಒಂದೇ.

ಹಿರಿಯರ ಧೂಳಿನ ಹೊದಿಕೆ

ಹೊದಿಕೆಯ ಕಲ್ಪನೆಯು ಈ ಸೀಮೆಗೆ ಹೊಸದಲ್ಲ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ಈ ಭಾಗದ ಜನರೂ ದನಗಳೂ ಅಪಾರವಾಗಿ ನಾಶವಾದ ನೆನಪು ಬಹುಕಾಲ ಉಳಿದಿತ್ತು. ಮುಂದೆ 1928ರಲ್ಲಿ ರಾಯಲ್ ಕೃಷಿ ಆಯೋಗದ ವರದಿಯು ಹೊರಬಿದ್ದು, 1929ರಲ್ಲಿ ಕೃಷಿ ಸಂಶೋಧನ ಪರಿಷತ್ತು ಹುಟ್ಟಿದ ತರುವಾಯ, 1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಆರಂಭವಾದವು. ಈ ಕಾರ್ಯದಲ್ಲಿ ಮುಂದಾಳಾಗಿದ್ದ ಎನ್. ವಿ. ಕಾನಿಟಕರ ಅವರು ಭಾರತದ ಒಣಬೇಸಾಯವನ್ನು ಕುರಿತು ಬರೆದ ಗ್ರಂಥವು 1944ರಲ್ಲಿ ಪ್ರಕಟವಾಯಿತು. ಹೊಲಕ್ಕೆ ಒಡ್ಡು ಹಾಕುವದು, ತಿಪ್ಪೆಗೊಬ್ಬರವನ್ನು ಕೊಡುವದು, ಬೀಜವನ್ನು ವಿರಳವಾಗಿ ಅಗಲ ಸಾಲುಗಳಲ್ಲಿ ಬಿತ್ತುವದು, ಮೇಲಿಂದ ಮೇಲೆ ಎಡೆ ಹೊಡೆಯುವದು ಇವೇ ಆ ಪದ್ಧತಿಯ ಆಧಾರಗಳು. ಎಡೆಕುಂಟೆಯಿಂದ ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಪುಡಿ ಮಾಡಿದರೆ ಬಿರುಕುಗಳು ಮುಚ್ಚಿ, ಕೆಳಗಿನ ಹಸಿಯು ಹೊರಗೆ ಹಾರದೆ ನಿಲ್ಲುವದು. ಅದು ಮಣ್ಣಿನಿಂದಲೇ ಆದ ಹೊದಿಕೆಯು. ಒಮ್ಮೆ ಎಡೆ ಹೊಡೆದದ್ದು ಒಮ್ಮೆ ನೀರು ಬಿಟ್ಟಂತೆ ಎಂದು ತಿಳಿದ ಹಿರಿಯರ ಬುದ್ಧಿಯು ಇಂದಿಗೂ ಮಾನ್ಯವಾದದ್ದು.

ಆದರೆ ಧೂಳಿನ ಹೊದಿಕೆಯು ಹಸಿಯನ್ನು ಕಾಯುವದೇ ಹೊರತು ಹೊಟ್ಟೆಯನ್ನು ತುಂಬಿಸದು. ಅದರಲ್ಲಿ ನೆರಳೂ ಇಲ್ಲ, ಆಹಾರವೂ ಇಲ್ಲ. ಬೆಳೆಯಿದ್ದಾಗ ಎಡೆ ಹೊಡೆಯುವದು ಸರಿ. ಆದರೆ ಬೆಳೆಯಿಲ್ಲದ ಏಳು ತಿಂಗಳು ಹೊಲವನ್ನು ಹರಗಿ ಹರಗಿ ಬರಿದಾಗಿಯೇ ಇಡುವದರಿಂದ ಮಣ್ಣಿನ ಪ್ರಾಣಿಗಳು ಉಪವಾಸ ಬೀಳುವವು, ಮೇಲ್ಮಣ್ಣೂ ತೊಳೆದುಹೋಗುವದು. ಎರೆಭೂಮಿಯಲ್ಲಿ ಕೊಳೆತ ಸಸ್ಯದಿಂದ ಬಂದ ಇಂಗಾಲದ ಅಂಶವು ಎಷ್ಟೋ ಹೊಲಗಳಲ್ಲಿ ನೂರಕ್ಕೆ ಅರ್ಧ ಪಾಲಿನ ಆಸುಪಾಸಿಗೆ ಇಳಿದಿರುವದಕ್ಕೆ ಇದೂ ಒಂದು ಕಾರಣವು.

ಮೇವೋ, ಹೊದಿಕೆಯೋ?

ಇಲ್ಲಿ ಒಕ್ಕಲಿಗನು ಕೇಳುವ ಪ್ರಶ್ನೆಯು ನ್ಯಾಯವಾದದ್ದು. ಜೋಳದ ಕಣಿಕೆಯನ್ನು ಹೊಲಕ್ಕೆ ಹಾಸಿದರೆ ಎತ್ತುಗಳಿಗೇನು ಹಾಕಬೇಕು? ಖಿಲಾರಿ ದನಗಳ ಈ ಸೀಮೆಯಲ್ಲಿ ಕಣಿಕೆಗೆ ಕಾಳಿನಷ್ಟೇ ಬೆಲೆಯುಂಟು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತುಗಳ ಜೋಡಿಯನ್ನು ಕಟ್ಟಿದ ಮಾಲಿಕನಿಗೆ ಬಣಿವೆಯೇ ಬಂಡವಾಳವು. ಬರಗಾಲದಲ್ಲಿ ಕಣಿಕೆಯನ್ನು ನೆಲಕ್ಕೆ ಚೆಲ್ಲೆಂದು ಹೇಳುವವನ ಮಾತನ್ನು ಯಾರೂ ಕೇಳರು, ಕೇಳಲೂ ಬಾರದು. ದನವು ತಿಂದ ಮೇವು ಸೆಗಣಿಯಾಗಿ ತಿಪ್ಪೆಯ ಮೂಲಕ ಹೊಲಕ್ಕೆ ಮರಳಿದರೆ ಅದೂ ಮಣ್ಣಿನ ಪರಿವಾರಕ್ಕೆ ಊಟವೇ.

ಆದುದರಿಂದ ಹೊದಿಕೆಗಾಗಿ ದನಗಳು ಮುಟ್ಟದ ವಸ್ತುಗಳನ್ನು ಹುಡುಕಬೇಕು. ಇಂಥವು ಊರಿನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಇರುವವು. ತೊಗರಿಯ ರಾಶಿಯಾದ ಮೇಲೆ ಉಳಿಯುವ ಕಟ್ಟಿಗೆಯಲ್ಲಿ ದಪ್ಪನೆಯದು ಒಲೆಗೆ ಹೋದರೂ ಸಣ್ಣ ಕಡ್ಡಿಗಳು ಕಣದ ಅಂಚಿನಲ್ಲಿ ಸುಟ್ಟುಹೋಗುವವು. ಸೂರ್ಯಕಾಂತಿಯ ದಂಟು, ಮುಳ್ಳಿನ ಕುಸುಬೆಯ ಕಸ, ಮೆಕ್ಕೆಜೋಳದ ಬೆಂಡು, ಬೀಜ ಕಟ್ಟುವ ಮೊದಲೇ ಕಿತ್ತ ಕಳೆ ಇವೆಲ್ಲವೂ ಬರುವಂಥವು. ಕಾಲುವೆ ಮತ್ತು ಏತ ನೀರಾವರಿಯಿಂದ ನೀರು ಬಂದ ಕಡೆಗಳಲ್ಲಿ ಕಬ್ಬಿನ ರವದಿಯು ರಾಶಿ ರಾಶಿಯಾಗಿ ದೊರೆಯುವದು. ಕಬ್ಬು ಕಡಿದ ಮೇಲೆ ಆ ರವದಿಗೆ ಬೆಂಕಿ ಹಚ್ಚುವ ರೂಢಿಯು ಅತ್ಯಂತ ಹಾನಿಕರವಾದದ್ದು. ಒಂದು ಸಂಜೆಯ ಬೆಂಕಿಯಿಂದ ಕಸದಲ್ಲಿದ್ದ ಸಾರಜನಕ ಗಂಧಕಗಳ ಬಹುಭಾಗವು ಹೊಗೆಯಾಗಿ ಹಾರುವದು. ಮೇಲ್ಮಣ್ಣಿನ ಪ್ರಾಣಿಗಳೂ ಅವುಗಳ ತತ್ತಿಗಳೂ ಬೇಯುವವು. ಅದೇ ರವದಿಯನ್ನು ಸಾಲು ಬಿಟ್ಟು ಸಾಲಿನಲ್ಲಿ ಹಾಸಿದರೆ ಕೂಳೆಕಬ್ಬಿಗೆ ನೀರಿನ ಉಳಿತಾಯವಾಗುವದು, ಕಳೆಯೂ ಹತೋಟಿಗೆ ಬರುವದು.

ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿಯ ತೋಟಗಳಲ್ಲಿ ಹೊದಿಕೆಯ ಉಪಯೋಗವು ಇನ್ನೂ ಸುಲಭ. ಏಪ್ರಿಲದ ಚಾಟ್ನಿಯ ತರುವಾಯ ಬಳ್ಳಿಯು ಬೋಳಾಗಿ ನೆಲಕ್ಕೆ ಬಿಸಿಲು ನೇರವಾಗಿ ಬೀಳುವ ಕಾಲಕ್ಕೆ, ಹನಿನೀರಿನ ಕೊಳವೆಯ ಕೆಳಗೆ ರವದಿಯನ್ನೋ ಕಬ್ಬಿನ ಸಿಪ್ಪೆಯನ್ನೋ ಹಾಸಿದರೆ ಬೇರಿನ ಬಳಿಯ ಮಣ್ಣು ತಂಪಾಗಿರುವದು. ರೋಗವಿಲ್ಲದ ಚಾಟ್ನಿಯ ಕಡ್ಡಿಗಳನ್ನು ಸುಡದೆ ತುಂಡು ಮಾಡಿ ಅದೇ ಸಾಲಿಗೆ ಹಾಕಬಹುದು. ರೋಗ ತಗಲಿದ ಕಡ್ಡಿಗಳನ್ನು ಮಾತ್ರ ತೋಟದಿಂದ ಹೊರಗೆ ಸಾಗಿಸತಕ್ಕದ್ದು.

ಒಣಹೊಲಗಳಿಗೆ ನಿಲುವು ಹೊದಿಕೆಯೆಂಬ ಒಂದು ಕ್ರಮವನ್ನು ಎರೆಭೂಮಿಯ ಸಂಶೋಧನ ಕೇಂದ್ರಗಳಲ್ಲಿ ಪ್ರಯೋಗಿಸಿ ನೋಡಿದ್ದಾರೆ. ಇಳಿಜಾರಿಗೆ ಅಡ್ಡವಾಗಿ ಒಂದು ಅಡಿಗಿಂತ ತುಸು ಆಳವಾದ, ಅರ್ಧ ಅಡಿ ಅಗಲವಾದ ಕಾಲುವೆಗಳನ್ನು ತೋಡಿ, ಅವುಗಳಲ್ಲಿ ಜೋಳದ ಕೂಳೆಯನ್ನೋ ಕಡ್ಡಿಯನ್ನೋ ನಿಲ್ಲಿಸಿ ತುಂಬುವರು; ತುದಿಯು ನೆಲದಿಂದ ಕೆಲವು ಅಂಗುಲ ಮೇಲಕ್ಕೆ ಕಾಣುವಂತೆ ಬಿಡುವರು. ಮಳೆಯ ನೀರು ಆ ಕಡ್ಡಿಗಳ ಸಂದಿನಿಂದ ಆಳಕ್ಕೆ ಇಳಿಯುವದು. ಸಣ್ಣ ಪ್ರಾಣಿಗಳಿಗೆ ಬೇಸಿಗೆಯಲ್ಲಿ ಅಡಗಿಕೊಳ್ಳಲು ಅದು ತಂಪಾದ ತಾಣವಾಗುವದು. ಹೊಲವೆಲ್ಲ ಮುಚ್ಚುವಷ್ಟು ಕಸವಿಲ್ಲದವನಿಗೆ ಈ ಕ್ರಮವು ಅನುಕೂಲವಾದದ್ದು. ಇನ್ನು ಮುಂಗಾರಿಯಲ್ಲಿ ಖಾಲಿ ಬಿಡುವ ಹೊಲಕ್ಕೆ ಸೆಣಬನ್ನು ಬಿತ್ತಿ ಹೂವಿನ ಕಾಲಕ್ಕೆ ಮಣ್ಣಿಗೆ ಸೇರಿಸಿದರೆ, ಬೆಳೆಯುವ ತನಕ ಅದೇ ಜೀವಂತ ಹೊದಿಕೆಯು, ಸೇರಿಸಿದ ಮೇಲೆ ಗೊಬ್ಬರವು. ಆದರೆ ಮುಂಗಾರಿ ಮಳೆ ಕೈಕೊಟ್ಟ ವರ್ಷ ಸೆಣಬು ಹಿಂಗಾರಿಗೆ ಬೇಕಾದ ಹಸಿಯನ್ನೇ ಕುಡಿದೀತು. ಮಳೆಯ ಅಂದಾಜನ್ನು ನೋಡಿಯೇ ಇದಕ್ಕೆ ಕೈಹಾಕಬೇಕು. ಒಡ್ಡಿನ ಮೇಲೆ ಗ್ಲಿರಿಸಿಡಿಯಾ ಗಿಡವನ್ನು ಹಚ್ಚಿದರೆ ವರ್ಷಕ್ಕೆ ಒಂದೆರಡು ಸಲ ಸೊಪ್ಪು ಮನೆಯದೇ ಆಗುವದು.

ಕೆಲವು ಆತಂಕಗಳು

ಹೊದಿಕೆಯಿಂದ ಕೇಡೇನೂ ಇಲ್ಲವೆಂದು ಹೇಳುವದು ಪ್ರಾಮಾಣಿಕವಾಗದು. ಮೊದಲಿನ ಆತಂಕವು ಗೆದ್ದಲಿನದು. ಒಣಕಡ್ಡಿಯನ್ನು ಹಾಸಿದಲ್ಲಿ ಗೆದ್ದಲು ಬರುವದು ನಿಜ. ಅದು ಹೆಚ್ಚಾಗಿ ಸತ್ತ ಕಡ್ಡಿಯನ್ನೇ ತಿಂದು, ನೆಲದಲ್ಲಿ ರಂಧ್ರಗಳನ್ನು ಮಾಡಿ ನೀರಿಗೆ ಹಾದಿಯನ್ನೂ ಮಾಡಿಕೊಡುವದು. ಆದರೆ ಬರದಲ್ಲಿ ಬಾಡಿದ ಬೆಳೆಗೂ, ಎಳೆಯ ಗಿಡಗಳಿಗೂ ಅದು ಬಾಯಿ ಹಾಕುವದುಂಟು. ಆದುದರಿಂದ ಹೊದಿಕೆಯನ್ನು ಬುಡಕ್ಕೆ ಒತ್ತಿ ಹಾಕದೆ ಒಂದು ಗೇಣು ದೂರವಿಡಬೇಕು. ಗೆದ್ದಲಿಗೆ ಹೆದರಿ ಹೊಲಕ್ಕೆಲ್ಲ ವಿಷವನ್ನು ಸುರಿದರೆ ಉಳಿದ ಉಪಕಾರಿ ಪ್ರಾಣಿಗಳೆಲ್ಲ ಸಾಯುವವು. ಮನೆಗೆ ಇಲಿ ಬಂದಿತೆಂದು ಮನೆಯನ್ನೇ ಸುಟ್ಟಂತೆ ಅದು.

ಎರಡನೆಯದು, ಸಾರಜನಕದ ತಾತ್ಕಾಲಿಕ ಕೊರತೆ. ಜೋಳದ ಕಡ್ಡಿ, ರವದಿ ಮುಂತಾದ ಒಣವಸ್ತುಗಳಲ್ಲಿ ಸಾರಜನಕವು ತೀರ ಕಡಿಮೆ. ಅವನ್ನು ಮಣ್ಣಿನೊಳಗೆ ಬೆರಸಿದರೆ ಕೊಳೆಯಿಸುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಹೀರಿಕೊಂಡು, ಬೆಳೆಯು ಕೆಲವು ದಿನ ಹಳದಿಯಾಗುವದು. ಅವನ್ನು ಮೇಲೆಯೇ ಹಾಸಿ ಬಿಟ್ಟರೆ ಈ ತೊಂದರೆಯು ಬಹಳ ಕಡಿಮೆ. ಬೆರಸುವದಾದರೆ ಬಿತ್ತಿಗೆಗೆ ಎರಡು ತಿಂಗಳು ಮುಂಚಿತವಾಗಿ, ಸೆಗಣಿಯ ರಾಡಿಯೊಡನೆ ಬೆರಸತಕ್ಕದ್ದು.

ಮೂರನೆಯದು, ಕೂರಿಗೆಗೆ ತೊಡಕು. ಉದ್ದನೆಯ ಕಡ್ಡಿಯು ಕೂರಿಗೆಯ ತಾಳಿಗೂ ಕುಂಟೆಗೂ ಸಿಕ್ಕಿಕೊಳ್ಳುವದು. ಆದುದರಿಂದ ಹಿಂಗಾರಿ ಜೋಳಕ್ಕೆ ಬೆಳೆಯು ಮೊಣಕಾಲುದ್ದ ಬಂದು ಎಡೆ ಹೊಡೆದು ಮುಗಿದ ಮೇಲೆ ಸಾಲುಗಳ ನಡುವೆ ಹಾಸುವದು ಉಚಿತವು. ನಾಲ್ಕನೆಯದು, ತೀರ ದಪ್ಪನೆಯ ಹೊದಿಕೆಯು ಸಣ್ಣ ಮಳೆಯ ನೀರನ್ನು ತಾನೇ ಹೀರಿ ನೆಲಕ್ಕೆ ಮುಟ್ಟಿಸದು. ಮಣ್ಣು ಹಸಿಯಿದ್ದಾಗಲೇ ಹಾಸಬೇಕು. ಒಣನೆಲದ ಮೇಲೆ ಹಾಸಿ ಹಸಿಯನ್ನು ನಿರೀಕ್ಷಿಸುವದು ವ್ಯರ್ಥ. ಐದನೆಯದು, ಹೊದಿಕೆಯ ಕೆಳಗೆ ಇಲಿ, ಹಾವು ಚೇಳುಗಳೂ ಸೇರಬಹುದು. ಕಸವನ್ನು ಕೈಯಿಂದ ಎತ್ತುವ ಮೊದಲು ಕೋಲಿನಿಂದ ಕೆದಕುವದು ಕ್ಷೇಮ.

ಪ್ಲಾಸ್ಟಿಕ್ ಹಾಳೆಯ ಹೊದಿಕೆಯನ್ನು ಕಲ್ಲಂಗಡಿ, ಮೆಣಸಿನಕಾಯಿ ಮುಂತಾದ ಬೆಳೆಗಳಿಗೆ ಈಗ ಅನೇಕರು ಹಾಕುತ್ತಿರುವರು. ಅದು ಹಸಿಯನ್ನು ಕಾಯುವದು, ಕಳೆಯನ್ನು ತಡೆಯುವದು, ಇದರಲ್ಲಿ ಸಂದೇಹವಿಲ್ಲ. ಆದರೆ ಮಣ್ಣಿನ ಪ್ರಾಣಿಗಳಿಗೆ ಅದರಿಂದ ಒಂದು ತುತ್ತು ಆಹಾರವೂ ದೊರೆಯದು. ಬೆಳೆ ಮುಗಿದ ಮೇಲೆ ಹರಿದ ಚೂರುಗಳು ಮಣ್ಣಿನಲ್ಲಿ ಉಳಿದು ತಲೆಮಾರುಗಳವರೆಗೆ ಕರಗವು. ಅದನ್ನು ಬಳಸುವವರು ಕೊನೆಯ ಚೂರಿನ ವರೆಗೂ ಆರಿಸಿ ತೆಗೆಯುವ ಹೊಣೆಯನ್ನು ಹೊರಬೇಕು.

ಪರೀಕ್ಷಿಸಿ ನೋಡುವ ಕ್ರಮ

ಕಣ್ಣಿಗೆ ಕಾಣದ್ದನ್ನು ನಂಬುವದು ಕಠಿಣವು. ಆದರೆ ಈ ಪರಿವಾರವನ್ನು ಊರಿನಲ್ಲಿಯೇ ನೋಡಲಿಕ್ಕೆ ಸಾಧ್ಯವಿದೆ. ಇಟಲಿಯ ಆಂಟೋನಿಯೋ ಬರ್ಲೀಸ್ ಎಂಬ ಕೀಟಶಾಸ್ತ್ರಜ್ಞನು 1905ರಲ್ಲಿ ಇದಕ್ಕೊಂದು ಸಾಧನವನ್ನು ತೋರಿಸಿಕೊಟ್ಟನು. 1918ರಲ್ಲಿ ಸ್ವೀಡನ್ ದೇಶದ ಟುಲ್‌ಗ್ರೆನ್ ಎಂಬವನು ಅದಕ್ಕೆ ದೀಪವನ್ನು ಸೇರಿಸಿದನು. ಎಣ್ಣೆ ಹಾಕುವ ದೊಡ್ಡ ಲಾಳಿಕೆಯೊಳಗೆ ಒಂದು ಜರಡಿಯನ್ನಿಟ್ಟು, ಅದರ ಮೇಲೆ ಎರಡು ಹಿಡಿ ಹಸಿಮಣ್ಣನ್ನು ಮೆಲ್ಲಗೆ ಹರಡಬೇಕು. ಲಾಳಿಕೆಯ ಬಾಯಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಬಿಸಿಯಾಗುವ ಹಳೆಯ ತರದ ವಿದ್ಯುದ್ದೀಪವನ್ನು ತೂಗಹಾಕಿ, ಕೆಳಗೆ ಸ್ವಲ್ಪ ನೀರಿರುವ ಬಿಳಿಯ ಬಟ್ಟಲನ್ನಿಡಬೇಕು. ಮಣ್ಣು ಮೇಲಿನಿಂದ ಒಣಗುತ್ತ ಬಂದಂತೆ ಪ್ರಾಣಿಗಳು ಬೆಳಕಿಗೂ ಕಾವಿಗೂ ಹೆದರಿ ಕೆಳಕೆಳಗೆ ಸರಿದು, ಎರಡು ಮೂರು ದಿನಗಳಲ್ಲಿ ಬಟ್ಟಲಿಗೆ ಬೀಳುವವು. ಭೂತಗನ್ನಡಿಯಿಂದ ನೋಡಿದರೆ ನುಸಿಗಳೂ ಜಿಗಿಯುವ ಹುಳುಗಳೂ ಸ್ಪಷ್ಟವಾಗಿ ಕಾಣುವವು.

ಈ ಪರೀಕ್ಷೆಯನ್ನು ಮಳೆಗಾಲದಲ್ಲಿ, ಒಂದೇ ದಿನ, ಒಂದೇ ಹೊಲದ ಎರಡು ಕಡೆಯಿಂದ, ಅಂದರೆ ಹೊದಿಕೆ ಹಾಸಿದ ಸಾಲಿನಿಂದಲೂ ಬರಿಯ ಸಾಲಿನಿಂದಲೂ, ಸಮನಾಗಿ ಮಣ್ಣನ್ನು ತೆಗೆದು ಮಾಡಬೇಕು. ಬಟ್ಟಲುಗಳೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಎಣಿಸಬೇಕು. ಊರಿನ ಶಾಲೆಯ ಮಕ್ಕಳಿಂದ ಇದನ್ನು ಮಾಡಿಸಿದರೆ ಅವರ ತಂದೆತಾಯಿಗಳಿಗೂ ಅದು ಪಾಠವಾಗುವದು. ದೀಪ ಲಾಳಿಕೆಗಳ ಗೊಡವೆ ಬೇಡವೆನ್ನುವವರು ಒದ್ದೆ ಗೋಣಿಚೀಲವೊಂದನ್ನು ಹೊಲದಲ್ಲಿ ನಾಲ್ಕು ದಿನ ಹಾಸಿಟ್ಟು, ಮುಂಜಾನೆ ಅದನ್ನು ಎತ್ತಿ ನೋಡಲಿ. ನೆರಳು ಮತ್ತು ಹಸಿಗಳಿಗಾಗಿ ಜೀವಗಳು ಎಷ್ಟು ಹಂಬಲಿಸುವವೆಂಬುದು ಅಷ್ಟರಿಂದಲೇ ಮನದಟ್ಟಾಗುವದು.

ಹಿರಿಯರ ಹೊಣೆ

ಒಬ್ಬ ಬಡ ಒಕ್ಕಲಿಗನು ತನ್ನ ಎರಡೆಕರೆಯಲ್ಲಿ ಹೊಸದೊಂದನ್ನು ಮಾಡಿ ಕೆಟ್ಟರೆ ಅವನ ವರ್ಷದ ಊಟಕ್ಕೇ ಸಂಚಕಾರವು. ಆದುದರಿಂದ ಇಂಥ ಕೆಲಸಗಳ ಆರಂಭವು ಹೆಚ್ಚು ಭೂಮಿಯುಳ್ಳವರಿಂದಲೇ ಆಗತಕ್ಕದ್ದು. ದೊಡ್ಡ ಹೊಲದ ಒಂದು ಮೂಲೆಯಲ್ಲಿ ನಾಲ್ಕು ಗುಂಟೆಗೆ ಹೊದಿಕೆಯನ್ನು ಹಾಸಿ, ಪಕ್ಕದ ನಾಲ್ಕು ಗುಂಟೆಯನ್ನು ಹಾಗೆಯೇ ಬಿಟ್ಟು, ರಾಶಿಯನ್ನು ಬೇರೆ ಬೇರೆಯಾಗಿ ಅಳೆದರೆ ನಷ್ಟದ ಭಯವಿಲ್ಲ. ಊರಿಗೆಲ್ಲ ಕಣ್ಣೆದುರಿನ ಸಾಕ್ಷಿಯು ದೊರೆಯುವದು. ಒಂದೇ ವರ್ಷದಲ್ಲಿ ದೊಡ್ಡ ಫಲವನ್ನು ಬಯಸಬಾರದು. ಮಣ್ಣಿನ ಪರಿವಾರವು ಚದುರಿಹೋಗುವದಕ್ಕೆ ಒಂದು ಬೆಂಕಿ ಸಾಕು, ಮತ್ತೆ ಕೂಡುವದಕ್ಕೆ ಮೂರು ನಾಲ್ಕು ಮಳೆಗಾಲ ಬೇಕು.

ರವದಿಗೂ ಕಣದ ಕಸಕ್ಕೂ ಬೆಂಕಿ ಹಚ್ಚದಂತೆ ಊರಿನಲ್ಲಿ ಒಮ್ಮತವನ್ನು ಮಾಡಿಸುವದು ಪಂಚಾಯತಿಯ ಮುಖ್ಯ ಜನರಿಂದ ಆಗಬೇಕಾದ ಕೆಲಸವು. ಕಸವು ಮಿಕ್ಕ ಮನೆಯಿಂದ ಕಸವಿಲ್ಲದ ಹೊಲಕ್ಕೆ ಅದನ್ನು ಸಾಗಿಸುವ ಏರ್ಪಾಡೂ ಅವರ ಮಾತಿನಿಂದ ಸುಲಭವಾಗುವದು. ಲಾವಣಿಗೆ ಹೊಲವನ್ನು ಕೊಡುವ ಮಾಲಿಕರು ಒಂದೇ ವರ್ಷದ ಕರಾರಿಗೆ ಕೊಟ್ಟರೆ, ಮುಂದಿನ ವರ್ಷದ ಫಲಕ್ಕಾಗಿ ಯಾವನು ಹೊದಿಕೆ ಹಾಸಿಯಾನು? ಮೂರು ನಾಲ್ಕು ವರ್ಷಗಳ ಭರವಸೆಯನ್ನು ಕೊಟ್ಟವನ ಭೂಮಿಯು ತನ್ನಷ್ಟಕ್ಕೆ ಸುಧಾರಿಸುವದು.

ಇಬ್ರಾಹಿಂಪುರದಂಥ ಊರುಗಳ ಸುತ್ತ ಉಳಿದಿರುವ ಹೊಲಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವವು. ಮನೆಗಳ ಕೆಳಗೆ ಹೋದ ಎರೆಮಣ್ಣು ಮರಳಿ ಬಾರದು. ಉಳಿದದ್ದನ್ನಾದರೂ ಜೀವಂತವಾಗಿ ಮಕ್ಕಳ ಕೈಗೆ ಕೊಡುವದು ಈ ತಲೆಮಾರಿನ ಭೂಮಾಲಿಕರ ಕರ್ತವ್ಯವಾಗಿದೆ. ಮೈಗೆ ಬಟ್ಟೆಯಿಲ್ಲದವನನ್ನು ಕಂಡರೆ ಕರುಣೆ ಹುಟ್ಟುವದು. ಏಳು ತಿಂಗಳು ಬರಿಮೈಯಲ್ಲಿ ಬಿಸಿಲು ಮಳೆಗಳಿಗೆ ಒಡ್ಡಿಕೊಂಡಿರುವ ಭೂಮಿಗೂ ಒಂದು ಹೊದಿಕೆಯನ್ನು ಕೊಟ್ಟು ನೋಡಲಿ. ಅದರ ಋಣವನ್ನು ಭೂಮಿಯು ಕಾಳಿನ ರೂಪದಿಂದ ತೀರಿಸದೆ ಇರದು.